ದೋಣಿಗೆ ಬಾಗಿಲಿಲ್ಲ

ಏಳು ವರ್ಷದಿಂದ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ಈ ಏಳು ವರ್ಷದಲ್ಲಿ ಒಂದು ದಿನವೂ ದೋಣಿ ಹತ್ತಿರಲಿಲ್ಲ. ಇದನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹಲ್ಲಿನ ಡಾಕ್ಟರನ್ನು ನಿಮ್ಮ ಹಲ್ಲು ತೋರಿಸಿ ಅಂತ ಯಾರು ಕೇಳುತ್ತಾರೆ?

ನಮ್ಮ ಶೆಡ್ಡು ಬಂದರಿನ ಹಿಂಭಾಗದಲ್ಲಿ ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿಕೊಂಡಿದೆ. ತಗಡಿನ ಮಾಡು, ಆಯಿಲ್ ಕುಡಿದು ಕಪ್ಪಾದ ನೆಲ, ನಡುವೆ ನೀರು ತುಂಬಿದ ದೊಡ್ಡ ಡ್ರಮ್ಮು. ಆ ಡ್ರಮ್ಮೇ ನನ್ನ ಸಮುದ್ರ. ರಿಪೇರಿಯಾದ ಎಂಜಿನ್ನನ್ನು ಡ್ರಮ್ಮಿನ ಅಂಚಿಗೆ ಬಿಗಿದು, ಅದರ ಫ್ಯಾನು ನೀರಲ್ಲಿ ಮುಳುಗಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುತ್ತೇನೆ. ಡ್ರಮ್ಮಿನೊಳಗೆ ಬಿರುಗಾಳಿ ಏಳುತ್ತದೆ. ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಹುಟ್ಟಿದಾಗಿನಿಂದ ನೀರಲ್ಲೇ ಬದುಕಿದ ಮುದುಕರಿಗೆ ದೋಣಿ ಓಡಿಸುವುದು ಹೇಗೆಂದು ಪಾಠ ಹೇಳುತ್ತೇನೆ. ಅವರೂ ಪಾಪ ಕೇಳಿಸಿಕೊಳ್ಳುತ್ತಾರೆ. ಎಂಜಿನ್ ನನ್ನ ಕೈಯಲ್ಲಿ ಇರುತ್ತದಲ್ಲ.

ಇಂಥ ಎಂಜಿನ್ನಿಗೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಕೆಂಪು ಕ್ಲಿಪ್ಪು ಇರುತ್ತದೆ, ಅದಕ್ಕೊಂದು ಸುರುಳಿ ದಾರ. ದಾರದ ತುದಿಯನ್ನು ಓಡಿಸುವವನು ಕೈಗೆ ಕಟ್ಟಿಕೊಳ್ಳಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತುಕೊಂಡು ಬಂದು ಎಂಜಿನ್ ತಾನಾಗಿ ನಿಲ್ಲುತ್ತದೆ. ಕ್ಲಿಪ್ಪು ಜಾಗದಲ್ಲಿ ಇಲ್ಲದಿದ್ದರೆ ಹಗ್ಗವನ್ನು ಸಂಜೆಯವರೆಗೆ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ವಾರಕ್ಕೆ ಇಬ್ಬರಾದರೂ ಎಂಜಿನ್ನನ್ನು ಹೆಣದ ಹಾಗೆ ಹೊತ್ತು ತಂದು, "ಸತ್ತೇಹೋಯ್ತು ಕಣಪ್ಪ" ಎನ್ನುತ್ತಾರೆ. ನಾನು ಕುಳಿತಲ್ಲಿಂದ ಏಳುವುದಿಲ್ಲ.

"ಕ್ಲಿಪ್ ಹಾಕಿದ್ರಾ?"

ಅವರು ಜೇಬು ತಡಕುತ್ತಾರೆ. ಆಮೇಲೆ ಶುರು ನನ್ನದು. ಮೊನ್ನೆ ಶುಕ್ರವಾರ ಏಡಿ ಹಿಡಿಯುವ ಮುದುಕನೊಬ್ಬನನ್ನು, ನಾವೆಲ್ಲ ಏಡಿಮಾಮ ಎಂದು ಕರೆಯುವವನನ್ನು, ಹತ್ತು ಜನರ ಎದುರು ಕೇಳಿದೆ: "ತಲೆನಾದ್ರೂ ಹಾಕ್ಕೊಂಡು ಬಂದ್ಯಾ ಮಾಮ, ಅದನ್ನೂ ಮನೇಲೇ ಬಿಟ್ಯಾ?" ಮುದುಕ ಎಂಜಿನ್ ಎತ್ತಿಕೊಂಡು ಹೋದ. ನಾನು ಗೆದ್ದೆ. ನಾನು ಇಂಥದ್ದನ್ನು ಬಹಳ ಗೆದ್ದಿದ್ದೇನೆ.

ಬೀದಿಯಲ್ಲಿ ನನಗೆ ಕುಕ್ಕರ್ ಎಂದು ಹೆಸರು. ಯಾಕೆಂದು ವಿವರಿಸುವ ಅಗತ್ಯವಿಲ್ಲ. ಒಂಬತ್ತನೇ ತರಗತಿಯಲ್ಲಿ ಲೆಕ್ಕದ ಮೇಷ್ಟ್ರು ನನ್ನ ಉತ್ತರಪತ್ರಿಕೆ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದಾಗ ಬ್ಯಾಗು ತೆಗೆದುಕೊಂಡು ಎದ್ದು ಬಂದೆ. ಬಾಗಿಲನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಗೋಡೆಯ ಮೇಲಿನ ಭೂಪಟ ಕೆಳಗೆ ಬಿತ್ತು. ಮಾರನೇ ದಿನ ವಾಪಸು ಹೋಗುವ ಮನಸ್ಸಿತ್ತು. ಆದರೆ ಯಾರಾದರೂ ಬಂದು ಕರೆಯಲಿ ಎಂದು ಕಾದೆ. ಯಾರೂ ಬರಲಿಲ್ಲ. "ಇನ್ನೂ ಕಾಯ್ತಿದ್ದಾನೆ" ಎಂದು ಅಕ್ಕ ಎಲ್ಲರಿಗೂ ಹೇಳಿ ನಗುತ್ತಾಳೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು. ಅಪ್ಪ ಅಷ್ಟರಲ್ಲಾಗಲೇ ಬೇರೆ ಊರಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಅಲ್ಲಿಂದ ಈಚೆಗೆ ನನ್ನನ್ನು ಸಾಕಿದ್ದು ಅವಳು, ಅವಳ ಕತ್ತರಿ. ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಒಂದರ ಮೇಲೊಂದು ಇಪ್ಪತ್ತು ಪದರ ಬಟ್ಟೆ ಹಾಸಿ ಒಂದೇ ಗೆರೆಯಲ್ಲಿ ಕತ್ತರಿಸುತ್ತಾಳೆ. ಆ ಕೈಗೆ ತಪ್ಪು ಗೊತ್ತಿಲ್ಲ.

ಅವಳನ್ನು ಮದುವೆಯಾಗುತ್ತೇವೆಂದು ಎರಡು ಸಲ ಜನ ಬಂದಿದ್ದರು. ಎರಡು ಸಲವೂ ನಾನು ಮನೆಯಲ್ಲಿದ್ದೆ. ತೊಂದರೆಯಾದದ್ದೇ ಅದರಿಂದ. ಮೊದಲನೆಯವರು ಕಾರಿನಲ್ಲಿ ಬಂದರು. ಕಾರು ಬೀದಿ ತಿರುಗುವಾಗಲೇ ಎಂಜಿನ್ನಿನೊಳಗೆ ಟಕಟಕ ಸದ್ದು ಕೇಳಿಸಿತು. ಹುಡುಗ ಚಪ್ಪಲಿ ಬಿಡುವ ಮೊದಲೇ, "ಒಂದು ಕಾರು ನೆಟ್ಟಗೆ ನೋಡ್ಕೊಳ್ಳೋಕೆ ಬರಲ್ಲ, ನಮ್ಮಕ್ಕನ್ನ ನೋಡ್ಕೋತೀರಾ?" ಎಂದೆ. ಎರಡನೆಯವನು ಕಾಲೇಜಿನಲ್ಲಿ ಪಾಠ ಹೇಳುವವನು. ಕುಳಿತವನೇ, "ನೀವು ಏನ್ ಓದಿದ್ದೀರಿ?" ಎಂದು ನನ್ನನ್ನು ಕೇಳಿದ. ಅವನು ಎದ್ದು ಹೋದನೋ ನಾನೇ ಎಬ್ಬಿಸಿದೆನೋ, ಈಗಲೂ ಆ ವಿಷಯದಲ್ಲಿ ನನಗೂ ಅಕ್ಕನಿಗೂ ಒಮ್ಮತವಿಲ್ಲ. ಅಕ್ಕನ ಮಾನ ಕಾಪಾಡಿದೆ ಎಂದುಕೊಂಡು ಎರಡು ಸಲವೂ ಎದೆಯುಬ್ಬಿಸಿ ಓಡಾಡಿದೆ. ಅಕ್ಕ ಎರಡು ಸಲವೂ ಸುಮ್ಮನೆ ಪಾತ್ರೆ ತೊಳೆದಳು.

ಇನ್ನು ಐಸು ಎಂದು ಎಲ್ಲರೂ ಕರೆಯುವವನು. ಪಕ್ಕದ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆಯ ದಿಮ್ಮಿ ಕೊಯ್ಯುವವನು, ನನ್ನ ಗೆಳೆಯ. ಗೆಳೆಯ ಎಂದರೆ ಒಬ್ಬನೇ ಇರುವುದರಿಂದ 'ಒಬ್ಬ ಗೆಳೆಯ' ಎಂದು ಬರೆಯುವ ಹಾಗಿಲ್ಲ. ಮೂವತ್ತು ವರ್ಷ, ಮಾತು ಕಡಿಮೆ, ಕೈ ಯಾವಾಗಲೂ ತಣ್ಣಗೆ. ನಮ್ಮ ಮನೆಯ ಬಾಗಿಲಿನ ಕೀಲು ಮೂರು ಸಲ ಕಿತ್ತುಹೋಗಿದೆ. ಮೂರು ಸಲವೂ ಕಿತ್ತವನು ನಾನು, ಕೂರಿಸಿದವನು ಅವನು. ಕೀಲು ಕೂರಿಸಲು ಅರ್ಧ ಗಂಟೆ ಸಾಕು. ಅವನು ಮಧ್ಯಾಹ್ನವೆಲ್ಲ ಕೂರಿಸುತ್ತಿದ್ದ. ಕೆಲಸದಲ್ಲಿ ಎಷ್ಟು ಶ್ರದ್ಧೆ ಎಂದು ಮೆಚ್ಚಿಕೊಂಡಿದ್ದೆ. ಬುದ್ಧಿವಂತ ನಾನು.

ಶನಿವಾರ ಸಂಜೆ ಐಸು ಶೆಡ್ಡಿಗೆ ಬಂದು, "ನಾಳೆ ರಜ ಅಲ್ವಾ, ಗಾಳ ಹಾಕೋಕೆ ಹೋಗೋಣ ಬಾ. ಮಾವನ ದೋಣಿ ಇದೆ" ಎಂದ.

"ನಂಗೆ ಕೆಲ್ಸ ಇದೆ."

"ಏನ್ ಕೆಲ್ಸ?"

ನನಗೆ ಯಾವ ಕೆಲಸವೂ ಇರಲಿಲ್ಲ. ಈಜು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮನೆಗೆ ಹೋಗಿ ಅಕ್ಕ ಬೇಡ ಎನ್ನುತ್ತಾಳೆ ಎಂಬ ಧೈರ್ಯದಿಂದ ವಿಷಯ ತೆಗೆದೆ. ಮಳೆ ನೀರು ನಿಂತ ಗುಂಡಿ ದಾಟುವಾಗಲೂ ಕೈ ಹಿಡಿಯುವವಳು ಅವಳು. ಆದರೆ, "ಹೋಗ್ ಬಾ, ಗಾಳಿ ಬೆಳಕು ತಾಗ್ಲಿ" ಎಂದವಳೇ ಮೊಟ್ಟೆ ಬೇಯಿಸಲು ಇಟ್ಟಳು. ಬ್ರೆಡ್ಡು ಕಟ್ಟಿದಳು. ನನ್ನ ಫೋನನ್ನು ಕೈಯಿಂದ ತೆಗೆದು ಕಪಾಟಿನಲ್ಲಿಟ್ಟು, "ನೀರಿಗೆ ಬಿದ್ರೆ ಹಾಳಾಗುತ್ತೆ" ಎಂದಳು. ನಾನು ಬಿದ್ದರೆ ಏನಾಗುತ್ತದೆ ಎಂದು ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ದಡದಿಂದ ಬಹಳ ದೂರವೇನಿಲ್ಲ, ಬಂದರಿನ ಕಲ್ಲುಗೋಡೆ ದಾಟಿ ಬಂಡೆಗಳ ಸಾಲಿನ ಹತ್ತಿರ ಲಂಗರು ಹಾಕುವುದು, ಅಷ್ಟೇ. ಐಸು ಒಂದು ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಕೊಟ್ಟ. ಅದು ಅವನ ಮಾವನ ಮಗನದು, ಆ ಮಗನಿಗೆ ಹತ್ತು ವರ್ಷ. ಬೇಡ ಎಂದೆ. ದೋಣಿ ಒಂದು ಸಲ ಮೆಲ್ಲಗೆ ವಾಲಿತು. ತಕ್ಷಣ ಹಾಕಿಕೊಂಡೆ. ಗುಂಡಿ ಕೂಡಲಿಲ್ಲ, ಲಾಡಿ ಗಂಟು ಹಾಕಿಕೊಂಡೆ. ಕಂಕುಳಲ್ಲಿ ಬಿಗಿದು ಎರಡೂ ಕೈ ರೆಕ್ಕೆಯ ಹಾಗೆ ಎದ್ದು ನಿಂತವು. ಬಂದರಿನ ಸುಪ್ರಸಿದ್ಧ ಮೆಕ್ಯಾನಿಕ್ಕು ತನ್ನ ಮೊದಲ ಸಮುದ್ರಯಾನಕ್ಕೆ ಕೋಳಿಯ ಆಕಾರದಲ್ಲಿ ಹೊರಟ.

ಡ್ರಮ್ಮಿನ ನೀರು ಹೆಚ್ಚೆಂದರೆ ಎಗರಿ ಮುಖಕ್ಕೆ ಬೀಳುತ್ತದೆ. ಸಮುದ್ರ ಹಾಗಲ್ಲ. ಅದು ಕೆಳಗಿನಿಂದ ಎತ್ತುತ್ತದೆ, ಎತ್ತಿದ್ದನ್ನು ಮರೆತು ಬಿಡುತ್ತದೆ, ಮತ್ತೆ ನೆನಪಾಗಿ ಎತ್ತುತ್ತದೆ. ಅರ್ಧ ಗಂಟೆಯಲ್ಲಿ ಅಕ್ಕನ ಮೊಟ್ಟೆಗಳು ಮೀನಿನ ಪಾಲಾದವು.

"ದೂರ ನೋಡು. ದೋಣಿ ಒಳಗೆ ನೋಡ್ಬೇಡ," ಎಂದ ಐಸು.

"ನಂಗೇನೂ ಆಗಿಲ್ಲ. ಮೊಟ್ಟೆ ಹಳೇದು."

"ಹೂಂ. ಮೊಟ್ಟೇದೇ ತಪ್ಪು."

ಅವನು ನೈಲಾನ್ ದಾರ ಬಿಚ್ಚಿ, ಗಾಳಕ್ಕೆ ಸಿಗಡಿ ಚುಚ್ಚಿ, ಸೀಸದ ಗುಂಡು ಕಟ್ಟಿ ನನ್ನ ಕೈಗೆ ಕೊಟ್ಟ. ಕೋಲು ಗೀಲು ಇಲ್ಲ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ತಳ ಮುಟ್ಟಿದ ಮೇಲೆ ಒಂದು ಮೊಳ ಮೇಲಕ್ಕೆತ್ತಿ ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದು ನನಗೆ ಹೊಸ ಕೆಲಸ. ಐಸು ಒಂದಾದ ಮೇಲೊಂದು ಬೆಳ್ಳಿಯ ಬಣ್ಣದ ಗೇಣುದ್ದದ ಮೀನು ಎತ್ತಿದ, ಐದಾಯಿತು. ನನ್ನ ಗಾಳ ಬಂಡೆಗೆ ಎರಡು ಸಲ ಸಿಕ್ಕಿಕೊಂಡಿತು, ಒಂದು ಸಲ ನನ್ನ ಪ್ಯಾಂಟಿಗೆ.

"ಈ ಜಾಗವೇ ಸರಿ ಇಲ್ಲ," ಎಂದೆ.

"ಇಬ್ರೂ ಒಂದೇ ಜಾಗದಲ್ಲಿದ್ದೀವಲ್ಲೋ."

"ನಿನ್ನ ಕಡೆ ಸರಿ ಇದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ನೀರೇ ಡೊಂಕಾಗಿ ಕಂಡಿತು.

ಎಂಟರ ಹೊತ್ತಿಗೆ ನನ್ನ ದಾರ ಜಗ್ಗಿತು. ಕೈ ಮೇಲೆ ಕೈ ಹಾಕಿ ಎಳೆದೆ. ಮೇಲೆ ಬಂದದ್ದು ಬೂದುಬಣ್ಣದ, ದಪ್ಪ ತಲೆಯ, ಮೊಲದ ಹಲ್ಲಿನ ಒಂದು ಮೀನು. ದೋಣಿಗೆ ಬಿದ್ದದ್ದೇ ಅದು ನನ್ನನ್ನು ದಿಟ್ಟಿಸಿತು. ಆಮೇಲೆ ಗುಟುಕು ಗುಟುಕಾಗಿ ಗಾಳಿ ನುಂಗಿ ಹೊಟ್ಟೆ ಉಬ್ಬಿಸತೊಡಗಿತು. ಉಬ್ಬಿ ಉಬ್ಬಿ ಚೆಂಡಾಯಿತು. ಮೈಯ ಮುಳ್ಳೆಲ್ಲ ನಿಗುರಿದವು. ಹಲ್ಲು ಕಟಕಟ ಕಡಿಯಿತು. ಕಾಲಿಲ್ಲ, ಕೈಯಿಲ್ಲ, ಹೋಗಲು ದಾರಿಯಿಲ್ಲ, ಆದರೂ ಕೋಪ ಮಾತ್ರ ಜಗತ್ತಿಗೆಲ್ಲ ಸಾಲುವಷ್ಟು.

ಐಸು ಅದನ್ನೂ ನನ್ನನ್ನೂ ಬಿಗಿಯಾದ ಜಾಕೆಟ್ಟನ್ನೂ ನೋಡಿದ. ಏಳು ವರ್ಷದ ಗೆಳೆತನದಲ್ಲಿ ಅವನು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅವನಿಗೆ.

"ನಿಮ್ ಮನೆತನದ್ದು ಕಣೋ ಇದು! ಸ್ವಂತ ತಮ್ಮ!"

"ತಿನ್ನೋಕಾಗುತ್ತಾ?"

"ವಿಷ. ತಿಂದೋನು ಬದುಕಲ್ಲ." ಇನ್ನೂ ನಗುತ್ತಲೇ ಅದನ್ನು ಅಂಗೈಯಲ್ಲಿ ಎತ್ತಿ ನೀರಿಗೆ ಬಿಟ್ಟ. ಅದು ಸ್ವಲ್ಪ ಹೊತ್ತು ಅಂಗಾತ ತೇಲಿತು. ಗಾಳಿ ಪುಸ್ಸೆಂದು ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಳಗೆ ಹೋಯಿತು. ಅದು ಹೋದ ಕಡೆಯೇ ನೋಡುತ್ತ ಐಸು ಕೈ ಒರೆಸಿಕೊಂಡ. ಅವನ ನಗು ನಿಂತಿತ್ತು.

"ನಿಮ್ ಮನೆತನ ಅಂದ್ನಲ್ಲ," ಎಂದ, "ಅದ್ರ ಬಗ್ಗೆನೇ ಒಂದ್ ಮಾತಿದೆ. ನಾನೂ ನಿಮ್ಮಕ್ಕನೂ ಮದ್ವೆ ಆಗೋಣ ಅಂತಿದ್ದೀವಿ."

ನಾನು ಎದ್ದು ನಿಂತೆ.

ಕೋಪ ಬಂದಾಗ ನಾನು ಮಾಡುವುದು ಒಂದೇ. ಎದ್ದು ನಿಲ್ಲುತ್ತೇನೆ, ಒಂದು ಮಾತು ಎಸೆಯುತ್ತೇನೆ, ಬಾಗಿಲು ಬಡಿದು ಹೊರಟುಹೋಗುತ್ತೇನೆ. ಎದ್ದು ನಿಂತದ್ದಾಯಿತು. ದೋಣಿ ವಾಲಿತು. ಧಪ್ಪೆಂದು ಕುಳಿತೆ. ಮತ್ತೆ ಎದ್ದೆ, ಮತ್ತೆ ಕುಳಿತೆ. ನಾಲ್ಕೂ ದಿಕ್ಕಿಗೆ ನೀರು. ಬಡಿಯಲು ಒಂದು ಬಾಗಿಲಿಲ್ಲ.

"ಅದಕ್ಕೇನಾ ಇಲ್ಲಿಗೆ ಕರ್ಕೊಂಡ್ ಬಂದಿದ್ದು?"

"ದಡದಲ್ಲಿ ಹೇಳಿದ್ರೆ ಅರ್ಧಕ್ಕೇ ಎದ್ದು ಹೋಗ್ತೀಯ. ಪೂರ್ತಿ ಕೇಳಲ್ಲ. ನಿಮ್ಮಕ್ಕಂದೇ ಐಡಿಯಾ."

ಮೊಟ್ಟೆ, ಬ್ರೆಡ್ಡು, ಕಪಾಟಿನಲ್ಲಿಟ್ಟ ಫೋನು ಎಲ್ಲ ಒಟ್ಟಿಗೆ ತಲೆಗೆ ಹೊಡೆದವು.

"ಎಷ್ಟು ದಿನದಿಂದ?"

"ಎರಡನೇ ಕೀಲಿಂದ."

"ಗೆಳೆಯ ಅಂತ ಮನೆಗೆ ಬಿಟ್ಕೊಂಡ್ರೆ... ಕೀಲು ಹಾಕ್ತೀನಿ ಅಂತ ಬಂದು... ಥೂ! ನಾಳೆಯಿಂದ ನಿನ್ನ ಭಾವ ಅನ್ಬೇಕಾ ನಾನು? ಬನ್ನಿ ಭಾವ, ಕೂತ್ಕೊಳ್ಳಿ ಭಾವ, ಟೀ ಕುಡೀರಿ ಭಾವ ಅನ್ಬೇಕಾ?"

"ಲೋ ಅಂತಾನೇ ಅನ್ನು. ಯಾರ್ ಬೇಡ ಅಂದ್ರು?"

"ಮನೆಗೆ ಬಿಡು ನನ್ನ."

"ಮಾತು ಮುಗೀಲಿ. ಬಿಡ್ತೀನಿ."

"ನೀನ್ಯಾರೋ ಬಿಡೋಕೆ? ಎಂಜಿನ್ ನಾನೇ ಸ್ಟಾರ್ಟ್ ಮಾಡ್ತೀನಿ!"

ಅವನನ್ನು ದಾಟಿ ತೆವಳಿಕೊಂಡು ಹಿಂಭಾಗಕ್ಕೆ ಹೋದೆ. ಆ ಎಂಜಿನ್ ನನಗೆ ಗೊತ್ತಿದ್ದದ್ದೇ. ಒಂದೇ ಸಿಲಿಂಡರಿನದು, ಹೋದ ತಿಂಗಳು ನಾನೇ ಬಿಚ್ಚಿ ಜೋಡಿಸಿದ್ದು. ಹಗ್ಗ ಹಿಡಿದು ಎಳೆದೆ. ಬರಲಿಲ್ಲ. ಹತ್ತು ಸಲ ಎಳೆದೆ. ಎಳೆದಂತೆಲ್ಲ ಜಾಕೆಟ್ಟು ಕಂಕುಳು ಕೊಯ್ಯಿತು. ಇಪ್ಪತ್ತು ಸಲ ಎಳೆದೆ. ಪೆಟ್ರೋಲ್ ವಾಸನೆ ಬಂತು, ಉಗುಳಿದ ಹಾಗೆ ಸದ್ದು ಬಂತು, ಎಂಜಿನ್ ಬರಲಿಲ್ಲ.

"ಒಂದ್ ನಿಮಿಷ..." ಎಂದ ಐಸು.

"ನಂಗೆ ಹೇಳ್ಕೊಡ್ಬೇಡ! ಏಳು ವರ್ಷ ಇದನ್ನೇ ಮಾಡಿದ್ದೀನಿ!"

ಮೇಲಿನ ಮುಚ್ಚಳ ತೆಗೆದೆ. ಕಾರ್ಬುರೇಟರ್ ತಟ್ಟಿದೆ. ಪೆಟ್ರೋಲಿನ ಪೈಪು ಹಿಸುಕಿದೆ. ಸ್ಪಾರ್ಕ್ ಪ್ಲಗ್ಗೇ ಹಾಳಾಗಿದೆ ಎಂದು ತೀರ್ಮಾನಿಸಿ, ಯಾವಾಗಲೂ ಜೇಬಿನಲ್ಲಿರುವ ಸ್ಪ್ಯಾನರಿನಿಂದ ಬಿಚ್ಚಿದೆ. ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಅದನ್ನು ಎತ್ತಿ ಐಸುವಿನ ಮುಖಕ್ಕೆ ಹಿಡಿದು, "ನೋಡು! ಇದನ್ನ ನೋಡು! ಒಂದು ಪ್ಲಗ್ಗು ಒಣಗಿಸಿ ಇಟ್ಕೊಳ್ಳೋಕೆ ಬರಲ್ಲ, ನಮ್ಮಕ್ಕನ್ನ ನೋಡ್ಕೋತಾನಂತೆ!" ಎಂದೆ. ಹಳೆಯ ಡೈಲಾಗು, ಆದರೂ ಹೇಳುವಾಗ ಸುಖ. ಆ ಸುಖದಲ್ಲಿ ಕೈ ಬೀಸಿದೆ. ಸಿಗಡಿಯ ಲೋಳೆ, ಪೆಟ್ರೋಲು, ಬೆವರು, ಮೂರೂ ಸೇರಿದ ಬೆರಳುಗಳ ನಡುವಿನಿಂದ ಪ್ಲಗ್ಗು ಜಾರಿತು. ದೋಣಿಯ ಅಂಚಿಗೆ ಒಮ್ಮೆ ಟಿಣ್ ಎಂದಿತು.

ಗುಳುಕ್.

ನೀರು ತಿಳಿಯಾಗಿತ್ತು. ಬಿಳಿಯ ಪ್ಲಗ್ಗು ಮಿನುಗುತ್ತ ಮಿನುಗುತ್ತ ಇಳಿದು ಹೋಗುವುದನ್ನು ಇಬ್ಬರೂ ಬಾಗಿ ಬಹಳ ಹೊತ್ತು ನೋಡಿದೆವು.

ಆಮೇಲೆ ಐಸು ಶರ್ಟಿನ ಜೇಬಿಗೆ ಕೈ ಹಾಕಿ ಕೆಂಪು ಕ್ಲಿಪ್ಪನ್ನು ತೆಗೆದು, ನಮ್ಮಿಬ್ಬರ ನಡುವಿನ ಹಲಗೆಯ ಮೇಲೆ ಇಟ್ಟ.

ನಾನು ಕ್ಲಿಪ್ಪು ನೋಡಿದೆ. ಎಂಜಿನ್ ನೋಡಿದೆ. ಅದರ ಜಾಗ ಖಾಲಿಯಿತ್ತು. ಮೊದಲಿನಿಂದಲೂ ಖಾಲಿಯಿತ್ತು. ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿ, ಇಪ್ಪತ್ತೂ ಸಲ.

"ಮಾತು ಮುಗಿಯೋವರೆಗೆ ನೀನು ಸ್ಟಾರ್ಟ್ ಮಾಡ್ಬಾರ್ದು ಅಂತ ತೆಗ್ದಿಟ್ಟಿದ್ದೆ," ಎಂದ. "ನೀನು ನೋಡಿದ್ ತಕ್ಷಣ ಗೊತ್ತಾಗುತ್ತೆ, ಬೈತೀಯ, ಆಮೇಲೆ ಮಾತಾಡೋಣ ಅಂದ್ಕೊಂಡಿದ್ದೆ. ಹೇಳೋಕೂ ಬಂದೆ."

ಇಂಥ ಸಮಯ ನೋಡಿಯೇ ಬಂಡೆಗಳ ಆಚೆಯಿಂದ ಒಂದು ದೋಣಿ ಬಂತು. ಬುಟ್ಟಿಗಳನ್ನು ಪೇರಿಸಿಕೊಂಡು ನಿಂತಿದ್ದವನು ಬೇರೆ ಯಾರೂ ಅಲ್ಲ, ಏಡಿಮಾಮ. ಬಿಚ್ಚಿದ ಎಂಜಿನ್ನು ಕಂಡು ವೇಗ ತಗ್ಗಿಸಿದ. ಮುದುಕನ ಮುಖದಲ್ಲಿ ವ್ಯಂಗ್ಯದ ಗೆರೆಯೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಏನಾಯ್ತಪ್ಪ? ಸ್ಟಾರ್ಟ್ ಆಗ್ತಿಲ್ವಾ?" ಎಂದ. "ಕ್ಲಿಪ್ ಹಾಕಿದ್ದೀಯಾ ನೋಡು ಮಗ. ಒಂದೊಂದ್ಸಲ ಮರ್ತ್ ಹೋಗುತ್ತೆ."

ಈಜು ಬರುತ್ತಿದ್ದರೆ ಅಲ್ಲೇ ಹಾರಿಬಿಡುತ್ತಿದ್ದೆ.

"ಎಳ್ಕೊಂಡ್ ಹೋಗ್ಲಾ? ಹಗ್ಗ ಇದೆ."

"ಬೇಡ ಮಾಮ," ಎಂದೆ. "ನಾವು ಹುಟ್ಟು ಹಾಕ್ಬೇಕು ಅಂತಾನೇ ಬಂದಿದ್ದು. ವ್ಯಾಯಾಮ."

ಐಸು ಕೆಮ್ಮಿದ. ಮುದುಕ ನನ್ನ ಜಾಕೆಟ್ಟನ್ನು ಒಂದು ಸಲ ನೋಡಿ, "ಒಳ್ಳೇದಪ್ಪ, ವಯಸ್ಸಲ್ಲಿ ಮಾಡ್ಬೇಕು" ಎಂದು ಹೊರಟುಹೋದ. ಅವನ ಎಂಜಿನ್ನಿನ ಸದ್ದು ದೂರವಾಗುವವರೆಗೆ ನಾನು ತಲೆ ಎತ್ತಲಿಲ್ಲ. ಸದ್ದು ಬಹಳ ಚೆನ್ನಾಗಿತ್ತು. ಕೆಟ್ಟದ್ದು ಎಂಜಿನ್ನಲ್ಲ ಎಂದು ಶುಕ್ರವಾರವೇ ಗೊತ್ತಿತ್ತಲ್ಲ.

ಐಸು ನೀರಿನ ಬಾಟಲಿ ಕೊಟ್ಟ. ಕುಡಿದೆ. ಅವನು ಗಾಳದ ದಾರ ಸುತ್ತಿಡುತ್ತ, ನನ್ನ ಮುಖ ನೋಡದೆ ಮಾತಾಡಿದ.

"ಕೇಳು. ನಿಮ್ಮಕ್ಕ ನಿನ್ನೆ ಒಂದೇ ಮಾತು ಹೇಳಿದ್ಲು. ಅವನು ಮನಸಾರೆ ಒಪ್ಕೊಂಡ್ರೆ ಸರಿ. ಇಲ್ದಿದ್ರೆ ಬೇಡ, ಇಬ್ರೂ ಮರ್ತ್ ಬಿಡೋಣ ಅಂತ. ಅವಳು ಹಾಗೇ ಮಾಡ್ತಾಳೆ, ನಿಂಗೂ ಗೊತ್ತು. ನೀನು ಬೇಡ ಅಂದ್ರೆ ಹೇಳು. ದಡಕ್ಕೆ ಹೋಗಿ ಅವಳಿಗೆ ಹೇಳ್ತೀನಿ. ನಾಳೆಯಿಂದ ನಿಮ್ಮನೆಗೆ ಬರಲ್ಲ. ಶೆಡ್ಡಿಗೆ ಬರ್ತೀನಿ. ನಿನ್ ಮೇಲೇನೂ ಸಿಟ್ಟಿಲ್ಲ."

ಸಿಟ್ಟಿಲ್ಲ ಎನ್ನುವವನ ಜೊತೆ ಜಗಳವಾಡುವುದು ಹೇಗೆ? ಅವನು ಹೊಡೆದಿದ್ದರೆ, ಬೈದಿದ್ದರೆ, ಇಪ್ಪತ್ಮೂರು ವರ್ಷದ ಅನುಭವ ನನ್ನ ಕೈಹಿಡಿಯುತ್ತಿತ್ತು.

ಬೇಡ ಎನ್ನಲು ಕಾರಣ ಹುಡುಕಿದೆ. ಅವನ ಹತ್ತಿರ ಟಕಟಕ ಎನ್ನುವ ಕಾರಿರಲಿಲ್ಲ. ನಾನೇನು ಓದಿದ್ದೇನೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕೀಲಿನ ವಿಷಯ ಬಿಟ್ಟರೆ. ಎಷ್ಟು ತಡಕಿದರೂ ಕೈಗೆ ಸಿಕ್ಕ ಕಾರಣ ಒಂದೇ: ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅಕ್ಕ ಇರುವುದಿಲ್ಲ. ಹನ್ನೆರಡು ವರ್ಷದಿಂದ ನಾನು ಬಾಗಿಲು ಬಡಿದು ಹೊರಟುಹೋದಾಗಲೆಲ್ಲ ವಾಪಸು ಬಂದು ನೋಡಿದರೆ ಒಳಗೆ ದೀಪ ಇರುತ್ತಿತ್ತು. ಬಡಿಯುವ ಧೈರ್ಯ ಬಂದದ್ದೇ ಅಲ್ಲಿಂದ. ಆ ಇಬ್ಬರು ಗಂಡುಗಳನ್ನು ಓಡಿಸಿದ್ದು ಅಕ್ಕನ ಮಾನಕ್ಕಲ್ಲ. ನಡುನೀರಿನಲ್ಲಿ, ಹತ್ತು ವರ್ಷದ ಹುಡುಗನ ಜಾಕೆಟ್ಟಿನೊಳಗೆ ಕುಳಿತು ಇದು ಹೊಳೆಯಬೇಕೇ? ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಇನ್ನಷ್ಟು ಕೋಪ ಬರುತ್ತದೆ.

"ಹುಟ್ಟು ತಗೋ. ಹೊರಡೋಣ," ಎಂದೆ.

ಲಂಗರು ಎತ್ತಿದೆವು. ನಡುವಿನ ಹಲಗೆಯ ಮೇಲೆ ಪಕ್ಕಪಕ್ಕ ಕುಳಿತು ಒಬ್ಬೊಬ್ಬರು ಒಂದೊಂದು ಹುಟ್ಟು ಹಿಡಿದೆವು. ನಾನು ಮೈಯಲ್ಲಿದ್ದ ಕೋಪವನ್ನೆಲ್ಲ ಹಾಕಿ ಎಳೆದೆ. ದೋಣಿ ತಿರುಗಿತು. ಮತ್ತಷ್ಟು ಜೋರಾಗಿ ಎಳೆದೆ. ಇನ್ನೂ ತಿರುಗಿತು. ಬಂದರಿನ ದೀಪದ ಕಂಬ ಎಡಕ್ಕೆ ಬಂತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಬಂತು.

"ಗಾಣದ ಎತ್ತಿನ ಹಾಗೆ ಸುತ್ತುತಾ ಇದ್ದೀವಲ್ಲೋ," ಎಂದ ಐಸು. "ನಂಗೆ ಸಮ ಎಳಿ."

"ನೀನೇ ಜೋರಾಗ್ ಎಳಿ!"

"ನಂಗೆ ಇಷ್ಟೇ ಆಗೋದು."

ಬೇರೆ ದಾರಿಯಿರಲಿಲ್ಲ. ಅವನ ಕೈ ನೋಡಿಕೊಂಡು ಎಳೆಯಬೇಕಾಯಿತು. ಅವನು ಬಾಗಿದಾಗ ಬಾಗಿ, ಅವನು ಹಿಂದಕ್ಕೆ ಬಂದಾಗ ಬಂದು. ದೋಣಿ ಮೂಗು ನೆಟ್ಟಗೆ ಮಾಡಿಕೊಂಡಿತು. ಬಿಸಿಲು ಏರಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಆಮೇಲೆ ನನಗೆ ತಡೆಯಲಾಗಲಿಲ್ಲ. ರಿಪೇರಿಯಾದ ಎಂಜಿನ್ ಒಪ್ಪಿಸುವಾಗ ಗಿರಾಕಿಗೆ ಗದರುತ್ತೇನಲ್ಲ, ಅದೇ ದನಿ ತಾನಾಗಿ ಹೊರಟಿತು.

"ಅವಳಿಗೆ ಬಲಗೈ ಮಣಿಕಟ್ಟು ನೋಯುತ್ತೆ. ಕತ್ತರಿ ಹಿಡ್ದು ಹಿಡ್ದು. ಕೇಳಿದ್ರೆ ಇಲ್ಲ ಅಂತಾಳೆ. ಬಕೆಟ್ ಎಡಗೈಲಿ ಎತ್ತಿದ್ಲು ಅಂದ್ರೆ ನೋವಿದೆ ಅಂತ ತಿಳ್ಕೋ."

ಐಸು ಹುಟ್ಟು ಹಾಕುತ್ತಲೇ, "ಸರಿ" ಎಂದ.

"ಟೀನ ತಣ್ಣಗೆ ಮಾಡ್ಕೊಂಡು ಕುಡೀತಾಳೆ. ಬಿಸಿ ಮಾಡಿ ಕೊಡ್ತೀನಿ ಅಂತ ಹೋಗ್ಬೇಡ."

"ಸರಿ."

"ನಿದ್ದೇಲಿ ಮಾತಾಡ್ತಾಳೆ. ಸೊಂಟ ಮೂವತ್ತೆರಡು, ತೋಳು ಹದಿನೆಂಟು ಅಂತ. ಹೆದರ್ಕೋಬೇಡ. ಅಳತೆ ಅದು."

"ಸರಿ."

"ಏನ್ ಸರಿ ಸರಿ ಅಂತೀಯ! ನೆನಪಿರುತ್ತಾ? ಬರ್ಕೋತೀಯಾ?"

"ನೆನಪಿರುತ್ತೆ ಹೇಳು."

"ಅಳು ಬಂದ್ರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೋತಾಳೆ. ಯಾರ್ಗೂ ಕೇಳಿಸ್ಬಾರ್ದು ಅಂತ." ನನ್ನ ಹುಟ್ಟು ನೀರು ತಪ್ಪಿ ಗಾಳಿಯಲ್ಲಿ ಬೀಸಿತು. "ನಲ್ಲಿ ತುಂಬಾ ಹೊತ್ತು ಹರೀತಿದ್ರೆ ಬಾಗಿಲು ತಟ್ಟಬೇಡ. ಹೊರಗಡೆ ಕೂತಿರು. ಅಷ್ಟೇ. ನಾನು ಮಾಡೋದು ಅಷ್ಟೇ."

ಐಸು ಸರಿ ಎನ್ನಲಿಲ್ಲ. ಅವನ ಹುಟ್ಟೂ ಒಂದು ಸಲ ತಪ್ಪಿತು. ದೋಣಿ ಸ್ವಲ್ಪ ತಿರುಗಿತು, ಮತ್ತೆ ನೆಟ್ಟಗಾಯಿತು.

ಹತ್ತಕ್ಕೆ ಬರುತ್ತೇವೆ ಎಂದವರು ದಡ ಮುಟ್ಟುವಾಗ ಒಂದು ಗಂಟೆ. ಬಲೆ ಹೆಣೆಯುವವರು ಸಾಲಾಗಿ ಕುಳಿತಿದ್ದರು. ಅವರ ಪಕ್ಕದಲ್ಲಿ ಅಕ್ಕ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ರಜೆಯ ದಿನವೂ ಮನೆಯಲ್ಲಿ ಏನೋ ಕತ್ತರಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ದೋಣಿ ಮರಳಿಗೆ ತಾಗುವ ಮೊದಲೇ ಮೊಣಕಾಲಿನವರೆಗೆ ನೀರಿಗಿಳಿದಳು. ನನ್ನನ್ನು ಮುಟ್ಟಿ ನೋಡಿದಳು, ತಲೆ, ಭುಜ, ಜಾಕೆಟ್ಟು. ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಐಸುವಿನ ಕಡೆ ತಿರುಗಿದಳು.

"ಏನಂದ?"

"ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ," ಎಂದ ಐಸು. "ನಿನ್ನ ಹೇಗೆ ನೋಡ್ಕೋಬೇಕು ಅಂತ ಹೇಳ್ಕೊಟ್ಟ."

"ಏನಂತ?"

ಅವನು ಪ್ರಾಮಾಣಿಕ. ಅದೇ ಅವನ ಕಾಯಿಲೆ. "ಟೀ ಬಿಸಿ ಮಾಡ್ಬಾರ್ದು. ನಿದ್ದೇಲಿ ಅಳತೆ ಹೇಳ್ತೀಯ, ಹೆದರ್ಬಾರ್ದು."

"ನಿದ್ದೇಲಿ ಅಳತೆ ಹೇಳ್ತೀನಾ ನಾನು?" ಅಕ್ಕನ ದನಿ ಬಂದರಿನ ಗೋಡೆಗೆ ತಾಗಿ ವಾಪಸು ಬಂತು. "ಯಾರ್ ಹೇಳಿದ್ದು? ಹೊತ್ತು ಮಧ್ಯಾಹ್ನ ಆಯ್ತು, ಸತ್ರೋ ಇದ್ರೋ ಅಂತ ನಾನಿಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿದ್ರೆ, ನನ್ನ ನಿದ್ದೆ ವಿಚಾರ ಮಾತಾಡ್ತಾ ತೇಲ್ತಾ ಇದ್ರಾ ಇಬ್ರೂ? ಮೀನ್ ಎಷ್ಟು ಹಿಡಿದ್ರಿ? ಐದಾ? ಏಳು ಗಂಟೆಗೆ ಐದಾ?"

ಐಸು ಒಂದು ಹೆಜ್ಜೆ ಹಿಂದೆ ಸರಿದ. ಪಾಪ, ಮನೆಯಲ್ಲಿ ಒಬ್ಬನಿಗೇ ಕೋಪ ಎಂದುಕೊಂಡಿದ್ದ. ಅವಳು ಹನ್ನೆರಡು ವರ್ಷ ತಡೆದುಕೊಂಡಿದ್ದು ಇಬ್ಬರೂ ಒಟ್ಟಿಗೆ ಕೂಗಿದರೆ ಮನೆ ಉಳಿಯುವುದಿಲ್ಲ ಎಂದು. ಅವನ ಮುಖ ನೋಡಿ ನನಗೆ ಆ ದಿನದಲ್ಲಿ ಮೊದಲ ಸಲ ಖುಷಿಯಾಯಿತು.

ಕೂಗಿ ಮುಗಿಸಿ ಅಕ್ಕ ನನ್ನ ಎದುರು ನಿಂತಳು. ಜಾಕೆಟ್ಟಿನ ಗಂಟು ಬಿಚ್ಚುತ್ತ, ಬರೀ ನನಗೆ ಕೇಳುವ ಹಾಗೆ, "ನೀನೇ ಹೇಳು. ನಿಜ ಹೇಳು. ಆಗ್ಲಾ?" ಎಂದಳು. ಬಲಗೈಯಲ್ಲಿ ಗಂಟು ಬಿಚ್ಚಲಾಗದೆ ಎಡಗೈಗೆ ಬದಲಿಸಿದಳು. ಐಸು ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ.

ಹುಟ್ಟು ಹಾಕುವಾಗ ಒಂದು ದೊಡ್ಡ ಮಾತನ್ನೇ ಜೋಡಿಸಿಟ್ಟಿದ್ದೆ. ಅದರಲ್ಲಿ ಕ್ಷಮೆ ಇತ್ತು, ಷರತ್ತುಗಳಿದ್ದವು, ಕೊನೆಗೊಂದು ಬೆದರಿಕೆಯೂ ಇತ್ತು. ಬಾಯಿ ತೆರೆದರೆ ಅದರಲ್ಲಿ ಒಂದು ಅಕ್ಷರವೂ ಬರಲಿಲ್ಲ.

"ಹೂಂ," ಎಂದೆ.

"ಕೇಳಿಸ್ಲಿಲ್ಲ. ಬೇರೆ ಎಲ್ಲಕ್ಕೂ ಊರು ಹಾರಿಹೋಗೋ ಹಾಗೆ ಕೂಗ್ತೀಯ. ಇದೊಂದಕ್ಕೆ ಗಂಟಲಿಗೆ ಏನಾಯ್ತು?"

"ಹೂಂ ಅಂದ್ನಲ್ಲಾ!" ಎಂದು ಕೂಗಿದೆ. "ಆಗು ಅಂದೆ! ಎಷ್ಟ್ ಸಲ ಹೇಳ್ಬೇಕು! ಮದ್ವೆ ಆಗು!"

ಬಲೆ ಹೆಣೆಯುತ್ತಿದ್ದವರೆಲ್ಲ ಸೂಜಿ ನಿಲ್ಲಿಸಿ ತಿರುಗಿ ನೋಡಿದರು. ಅಕ್ಕ ಕಣ್ಣು ಒರೆಸಿಕೊಂಡಳು, ಅಷ್ಟು ಜನರ ಎದುರೇ.